ಕಾಪಾಡಿದ ಸರಾಸರಿಯೇ ಮುಳುಗಿಸಿದಾಗ: ರಿವರ್ ಪ್ಲೇಟ್ ಕೆಳಗಿಳಿದ 2010–11ರ ಸೀಸನ್

2011ರ ಜೂನ್ 26. ಬ್ಯೂನಸ್ ಐರಿಸ್‌ನ ಮೊನುಮೆಂಟಲ್ ಸ್ಟೇಡಿಯಂ. ಪಂದ್ಯ ಮುಗಿಯಲು ಇನ್ನೇನು ಒಂದೆರಡು ನಿಮಿಷ ಇತ್ತು, ರೆಫರಿ ಆಟ ನಿಲ್ಲಿಸಿಬಿಟ್ಟರು. ಗ್ಯಾಲರಿಯಿಂದ ಕೈಗೆ ಸಿಕ್ಕಿದ್ದೆಲ್ಲ ಮೈದಾನಕ್ಕೆ ಬೀಳುತ್ತಿತ್ತು. 1901ರಲ್ಲಿ ಹುಟ್ಟಿದ ರಿವರ್ ಪ್ಲೇಟ್ ಫುಟ್ಬಾಲ್ ಕ್ಲಬ್ ಮೊದಲ ಬಾರಿಗೆ ಎರಡನೇ ಡಿವಿಷನ್‌ಗೆ ಇಳಿದಿತ್ತು.

ಹಾಗಾದರೆ ಆ ವರ್ಷ ರಿವರ್ ಅಷ್ಟು ಕೆಟ್ಟದಾಗಿ ಆಡಿತ್ತಾ? ಇಲ್ಲ. ಆಗ ಅರ್ಜೆಂಟೀನಾದಲ್ಲಿ ಒಂದು ಸೀಸನ್‌ಗೆ ಇಬ್ಬರು ಚಾಂಪಿಯನ್ನರು. ಮೊದಲರ್ಧ ಅಪೆರ್ತುರಾ, ಎರಡನೆಯದು ಕ್ಲೌಸುರಾ. ಆ ಸಲ ಅವನ್ನು ಎಸ್ತುದಿಯಾಂತೆಸ್ ಮತ್ತು ವೆಲೆಸ್ ಗೆದ್ದವು. ಇಪ್ಪತ್ತು ತಂಡಗಳ ನಡುವೆ ರಿವರ್ 4ನೇ ಮತ್ತು 9ನೇ ಸ್ಥಾನದಲ್ಲಿತ್ತು. ಬೇರೆ ಬಹುತೇಕ ದೇಶಗಳಲ್ಲಿ ಇಂಥ ತಂಡಕ್ಕೆ ಕೆಳಗಿಳಿಯುವ ಭಯವೇ ಇರುವುದಿಲ್ಲ.

ಅರ್ಜೆಂಟೀನಾದ ಲೆಕ್ಕವೇ ಬೇರೆ. ಅದಕ್ಕೆ ಅಲ್ಲಿ ‘ಪ್ರೊಮೆದಿಯೊ’ ಎನ್ನುತ್ತಾರೆ, ಸರಾಸರಿ. ಮೂರು ಸೀಸನ್‌ಗಳ ಅಂಕಗಳನ್ನು ಕೂಡಿಸಿ, ಆಡಿದ ಪಂದ್ಯಗಳಿಂದ ಭಾಗಿಸಬೇಕು. ಕಡಿಮೆ ಬಂದವರು ಕೆಳಗೆ. ಈ ವರ್ಷ ಚೆನ್ನಾಗಿಯೇ ಬರೆದ ಹುಡುಗನನ್ನು ಹಿಂದಿನ ಎರಡು ವರ್ಷಗಳ ಮಾರ್ಕ್ಸ್ ಸೇರಿಸಿ ಫೇಲ್ ಮಾಡಿದ ಹಾಗೆ.

ರಿವರ್‌ನ ಮೂರು ಸೀಸನ್‌ಗಳ ಅಂಕ 41, 43 ಮತ್ತು 57. ಒಟ್ಟು 114 ಪಂದ್ಯಕ್ಕೆ 141. ಸರಾಸರಿ 1.237. ವಿಚಿತ್ರ ಏನೆಂದರೆ, 2008ರ ಕ್ಲೌಸುರಾವನ್ನು ಗೆದ್ದದ್ದು ಇದೇ ರಿವರ್, ಕೋಚ್ ಡಿಯೆಗೊ ಸಿಮಿಯೋನೆ. ಆದರೆ ಆ ಸೀಸನ್ ಲೆಕ್ಕದಿಂದ ಆಗಲೇ ಹೊರಗೆ ಹೋಗಿತ್ತು. ಅದರ ಬೆನ್ನಿಗೇ ಬಂದ ಅಪೆರ್ತುರಾದಲ್ಲಿ ರಿವರ್ ಕಟ್ಟಕಡೆಯ ಸ್ಥಾನಕ್ಕೆ ಕುಸಿದಿತ್ತು, ಬರೀ 14 ಅಂಕ. ಅದು ಮಾತ್ರ ಲೆಕ್ಕದಲ್ಲಿ ಉಳಿಯಿತು!

ಈ ನಿಯಮ ಬಂದದ್ದು ಯಾಕೆ? ಅದಕ್ಕೆ ಮೂವತ್ತು ವರ್ಷ ಹಿಂದೆ ಹೋಗಬೇಕು. ಅರ್ಜೆಂಟೀನಾದಲ್ಲಿ ‘ಐದು ದೊಡ್ಡವರು’ ಎಂಬ ಮಾತಿದೆ: ರಿವರ್, ಬೊಕಾ ಜೂನಿಯರ್ಸ್, ರಾಸಿಂಗ್, ಇಂಡಿಪೆಂಡಿಯೆಂತೆ, ಸಾನ್ ಲೊರೆನ್ಸೊ. 1981ರಲ್ಲಿ ಸಾನ್ ಲೊರೆನ್ಸೊ ಕೊನೆಯ ದಿನ ಡ್ರಾ ಮಾಡಿಕೊಂಡಿದ್ದರೂ ಸಾಕಿತ್ತು. ಅರ್ಜೆಂಟಿನೋಸ್ ಜೂನಿಯರ್ಸ್ ಎದುರು 0–1ರಿಂದ ಸೋತು ಇಳಿಯಿತು. ಐವರಲ್ಲಿ ಇಳಿದ ಮೊದಲ ಕ್ಲಬ್ ಅದು. 1983ಕ್ಕೆ ಸರಾಸರಿ ಪದ್ಧತಿ ಬಂತು. ಒಂದು ಕೆಟ್ಟ ವರ್ಷದಿಂದ ಯಾರೂ ಬೀಳಬಾರದು ಎಂಬುದು ಇದರ ಪರವಾದ ವಾದ. ದೊಡ್ಡವರನ್ನು ಉಳಿಸಲು ಮಾಡಿದ ಉಪಾಯ ಎಂದು ಸಣ್ಣ ಕ್ಲಬ್‌ಗಳ ಅಭಿಮಾನಿಗಳು ಇವತ್ತಿಗೂ ಹೇಳುತ್ತಾರೆ. ಅವರ ಮಾತನ್ನು ಸುಮ್ನೆ ತಳ್ಳಿಹಾಕುವುದು ಕಷ್ಟ. ಯಾಕೆಂದರೆ ಆ ವರ್ಷ 19 ತಂಡಗಳಲ್ಲಿ 18ನೆಯದಾಗಿದ್ದು ರಿವರ್. ಹಳೆಯ ನಿಯಮ ಇದ್ದಿದ್ದರೆ ಆಗಲೇ ಇಳಿಯಬೇಕಿತ್ತು. ಸರಾಸರಿ ಕಾಪಾಡಿತು. ಆದರೆ ಎಲ್ಲ ದೊಡ್ಡವರನ್ನೂ ಅಲ್ಲ. ಅದೇ ವರ್ಷ ರಾಸಿಂಗ್ ಇಳಿಯಿತು. ಕೊನೆಯ ದಿನ ರಾಸಿಂಗ್ ಅನ್ನೇ ಸೋಲಿಸಿ ಚಾಂಪಿಯನ್ ಆದದ್ದು ಅದರ ಪಕ್ಕದ ಬೀದಿಯ ಎದುರಾಳಿ ಇಂಡಿಪೆಂಡಿಯೆಂತೆ. ಹೊಟ್ಟೆ ಉರಿಯದೆ ಇರುತ್ತಾ?

ನಿಯಮ ಉಳಿಯಿತು. 28 ವರ್ಷದ ಮೇಲೆ ಅದೇ ರಿವರ್‌ನ ಕೊರಳಿಗೆ ಬಂತು. ಕ್ಲೌಸುರಾದ ಕೊನೆಯ ಸುತ್ತಿನಲ್ಲಿ ಮನೆಯಂಗಳದಲ್ಲೇ ಲಾನೂಸ್‌ಗೆ 1–2ರಿಂದ ಸೋತು, ‘ಪ್ರೊಮೊಸಿಯೊನ್’ ಎಂಬ ಪ್ಲೇ-ಆಫ್‌ಗೆ ಬಿತ್ತು. ಎದುರಾಳಿ ಎರಡನೇ ಡಿವಿಷನ್‌ನ ಬೆಲ್‌ಗ್ರಾನೊ, ಕೊರ್ದೊಬಾದ ಕ್ಲಬ್. ಅಲ್ಲಿ ರಿವರ್ 0–2ರಿಂದ ಸೋತಿತು. ಎರಡು ಪಂದ್ಯ ಸೇರಿ ಗೋಲು ಸಮ ಆದರೆ ಮೇಲಿನ ಡಿವಿಷನ್ ತಂಡವೇ ಉಳಿಯುವ ನಿಯಮ ಇತ್ತು. ಅಂದರೆ ಮನೆಯಲ್ಲಿ ಎರಡು ಗೋಲಿನ ಗೆಲುವು ಸಾಕು. ಆರನೇ ನಿಮಿಷದಲ್ಲೇ ಪವೋನೆ ಒಂದು ಗೋಲು ಹೊಡೆದರು. ಎರಡನೇ ಅರ್ಧದಲ್ಲಿ ಬೆಲ್‌ಗ್ರಾನೊದ ಫಾರ್ರೆ ಸಮ ಮಾಡಿದರು. ಆಮೇಲೆ ಸಿಕ್ಕ ಪೆನಾಲ್ಟಿಯನ್ನು ಹೊಡೆದದ್ದೂ ಪವೋನೆಯೇ. ಗೋಲ್‌ಕೀಪರ್ ಒಲಾವೆ ತಡೆದರು. ಕಥೆ ಮುಗಿಯಿತು. ಆಗ ಕ್ಲಬ್‌ನ ಅಧ್ಯಕ್ಷರಾಗಿದ್ದವರು ಡೇನಿಯಲ್ ಪಸರೆಲ್ಲಾ, 1978ರಲ್ಲಿ ವಿಶ್ವಕಪ್ ಎತ್ತಿದ ನಾಯಕ.

ಮುಂದಿನ ತಿಂಗಳೇ ಎರಡೂ ಡಿವಿಷನ್ ಸೇರಿಸಿ 38 ತಂಡಗಳ ಒಂದೇ ಲೀಗ್ ಮಾಡುವ ಯೋಚನೆ ಫುಟ್ಬಾಲ್ ಸಂಸ್ಥೆಯಿಂದ ಹೊರಬಂತು. ಯಾರಿಗಾಗಿ ಎಂದು ಕೇಳಬೇಕಾ? ಜನ ಸಿಟ್ಟಾದರು, ಯೋಚನೆ ಕೈಬಿಟ್ಟರು. ರಿವರ್ ಒಂದು ವರ್ಷ ಕೆಳಗೇ ಆಡಿ, 2012ರಲ್ಲಿ ಆ ಡಿವಿಷನ್ ಗೆದ್ದು ವಾಪಸ್ ಬಂತು. ನಿರ್ಣಾಯಕ ಪಂದ್ಯದ ಎರಡೂ ಗೋಲು ಫ್ರಾನ್ಸ್‌ನ ಡೇವಿಡ್ ಟ್ರೆಜೆಗೆ ಹೊಡೆದದ್ದು. 2013ರಲ್ಲಿ ಇಂಡಿಪೆಂಡಿಯೆಂತೆ ಕೂಡ ಸರಾಸರಿಗೆ ಬಲಿಯಾಯಿತು. ಐವರಲ್ಲಿ ಈಗ ಇಳಿಯದೆ ಉಳಿದಿರುವುದು ಬೊಕಾ ಮಾತ್ರ. ಅದರ ಅಭಿಮಾನಿಗಳು ಬಿಳಿ ಬಟ್ಟೆ ಹೊದ್ದು ‘ಬಿ ಡಿವಿಷನ್ ಭೂತ’ ಆಗಿ ರಿವರ್‌ನವರನ್ನು ರೇಗಿಸುತ್ತಾರೆ.

ನಿಯಮದ ಮೇಲೆ ಕೈಯಾಡಿಸುವುದಂತೂ ನಿಂತಿಲ್ಲ. 2020ರಲ್ಲಿ ಕೊರೊನಾ ಬಂದಾಗ ಕೆಳಗಿಳಿಸುವುದನ್ನು ತಡೆಹಿಡಿದರು. ಇಳಿಯುವ ಅಪಾಯದಲ್ಲಿದ್ದ ಹಿಮ್ನಾಸಿಯಾ ಕ್ಲಬ್ ಉಸಿರಾಡಿತು. ಅದರ ಕೋಚ್ ಮರಡೋನಾ. 2024ರಲ್ಲಿ ಕೊರೊನಾ ಇರಲಿಲ್ಲ. ಆದರೂ ಸೀಸನ್ ನಡುವೆಯೇ ಈ ವರ್ಷ ಯಾರೂ ಇಳಿಯುವುದಿಲ್ಲ ಎಂದು ತೀರ್ಮಾನಿಸಿ, ಮುಂದಿನ ವರ್ಷಕ್ಕೆ ಲೀಗ್ ಅನ್ನು 30 ತಂಡಗಳಿಗೆ ಹಿಗ್ಗಿಸಿದರು.