ತುಕ್ಕಿನೊಳಗೆ ಉಳಿದ ಬೆಳ್ಳಿ

ಪ್ರಾಚೀನ ಜರ್ಮನಿಕ್ ಯೋಧರ ಬೆಲ್ಟ್ ಎಂದು ಹುಡುಕಿದರೆ ಮೊದಲು ಕಾಣುವುದು ಇಂಗ್ಲೆಂಡಿನ ಸಟನ್ ಹೂ ಎಂಬ ಜಾಗದ ಬಕಲ್. 1939ರಲ್ಲಿ ಸಿಕ್ಕಿತು. 400 ಗ್ರಾಂಗೂ ಜಾಸ್ತಿ ಚಿನ್ನ, ಮೈತುಂಬ ಒಂದಕ್ಕೊಂದು ಹೆಣೆದುಕೊಂಡ ಪ್ರಾಣಿಗಳು. ಚಿನ್ನಕ್ಕೆ ತುಕ್ಕಿಲ್ಲ. ಮಣ್ಣು ಹೋದರೆ ಸಾಕು, ಹೊಳೆಯುತ್ತದೆ. ಆದರೆ ಲೋಹ ಸಂರಕ್ಷಣೆಯ ಕೆಲಸ ಮಾಡುವ ನನ್ನ ಮನಸ್ಸು ಇರುವುದು ಕಬ್ಬಿಣದ ಬಕಲ್‌ಗಳ ಕಡೆ.

7ನೇ ಶತಮಾನದಲ್ಲಿ ದಕ್ಷಿಣ ಜರ್ಮನಿಯ ಅಲಮನ್ನಿ ಎಂಬ ಜರ್ಮನಿಕ್ ಜನ ಸತ್ತವರನ್ನು ಬಟ್ಟೆ, ಆಯುಧಗಳ ಸಮೇತ ಸಾಲಾಗಿ ಹೂಳುತ್ತಿದ್ದರು. ಗಂಡಸರ ಸೊಂಟದಲ್ಲಿ ಅಗಲವಾದ ಚರ್ಮದ ಬೆಲ್ಟ್. ಅದಕ್ಕೆ ಬಕಲ್, ಎದುರು ಬದಿಗೆ ಅದೇ ವಿನ್ಯಾಸದ ತಗಡು, ಬೆನ್ನಿಗೆ ಚೌಕದ ತಗಡು, ಪಟ್ಟಿಯ ತುದಿಗೊಂದು ಲೋಹದ ಟೋಪಿ. ಆಮೇಲೆ ಸಣ್ಣ ಪಟ್ಟಿಗಳು ಜೋತಾಡುವ, ಹತ್ತಾರು ತುಣುಕುಗಳ ಬೆಲ್ಟ್ ಬಂತು. ಈ ಫ್ಯಾಷನ್ ಬೇಗ ಬದಲಾಗುತ್ತಿತ್ತು. ಹಾಗಾಗಿ ಬಕಲ್ ನೋಡಿಯೇ ಸಮಾಧಿಯ ಕಾಲವನ್ನು ಕೆಲವು ದಶಕಗಳ ಅಂತರದಲ್ಲಿ ಹೇಳಬಹುದು.

ಕಬ್ಬಿಣದ ತಗಡಿನಲ್ಲಿ ಉಳಿಯಿಂದ ಸಣ್ಣ ಗೀರು ತೋಡಿ, ಬೆಳ್ಳಿ ಅಥವಾ ಹಿತ್ತಾಳೆಯ ತಂತಿ ಇಟ್ಟು ಬಡಿಯುತ್ತಿದ್ದರು. ಬೀದರ್‌ನ ಬಿದ್ರಿ ಕೆಲಸ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಲ್ಲಿ ಸತುವಿನ ಮಿಶ್ರಲೋಹ, ಇಲ್ಲಿ ಕಬ್ಬಿಣ.

ಕಷ್ಟ ಶುರುವಾಗುವುದು ಇಲ್ಲೇ. ಮಣ್ಣಲ್ಲಿ ಸಾವಿರದ ಮುನ್ನೂರು ವರ್ಷ ಬಿದ್ದ ಕಬ್ಬಿಣ ಕಂದು ಉಂಡೆಯಾಗಿ ಬರುತ್ತದೆ. ಬಕಲ್ಲೋ ಕಲ್ಲೋ ಗೊತ್ತಾಗಲ್ಲ. ಮೊದಲು ಎಕ್ಸ್-ರೇ ತೆಗೆಯಲೇಬೇಕು. ಬೆಳ್ಳಿ ಕಬ್ಬಿಣಕ್ಕಿಂತ ಹೆಚ್ಚು ಕಿರಣಗಳನ್ನು ತಡೆಯುತ್ತದೆ. ಹಾಗಾಗಿ ಫಿಲ್ಮಿನ ಮೇಲೆ ಹೆಣಿಗೆ, ಮೆಟ್ಟಿಲು, ಪ್ರಾಣಿಯ ತಲೆ ಎಲ್ಲ ಬಿಳಿ ಗೆರೆಗಳಾಗಿ ಮೂಡುತ್ತವೆ. ಎಷ್ಟೋ ಸಲ ಅಡಿಯ ಕಬ್ಬಿಣವೇ ಉಳಿದಿರುವುದಿಲ್ಲ, ತಂತಿ ಬರೀ ತುಕ್ಕಿನ ಆಧಾರದಲ್ಲಿ ನಿಂತಿರುತ್ತದೆ. ತಂತಿ ಬ್ರಷ್ ಹಾಕಿ ಉಜ್ಜಿದರೆ ಚಿತ್ರವೂ ಉದುರಿಹೋಗುತ್ತದೆ. ಅದಕ್ಕೇ ಮೈಕ್ರೋಸ್ಕೋಪ್ ಕೆಳಗಿಟ್ಟು, ಸ್ಕಾಲ್ಪೆಲ್‌ನಿಂದ ಒಂದೊಂದೇ ಪದರ ಬಿಡಿಸಬೇಕು.

ಹಿಂಬದಿಯನ್ನು ಮಾತ್ರ ನಾನು ಸುಮ್ನೆ ಬಿಡುತ್ತೇನೆ. ಅಲ್ಲಿನ ತುಕ್ಕು ಚರ್ಮದ, ಬಟ್ಟೆಯ ಎಳೆಗಳೊಳಗೆ ಇಳಿದು ಅವುಗಳ ಆಕಾರವನ್ನೇ ಹಿಡಿದಿರುತ್ತದೆ. ಯೋಧ ಉಟ್ಟ ಬಟ್ಟೆಯ ನೇಯ್ಗೆ ಹೇಗಿತ್ತು ಎಂದು ತಿಳಿಯಲು ಆ ಮಣ್ಣಿನಲ್ಲಿ ಬೇರೆ ಸಾಕ್ಷಿಯೇ ಇರಲ್ಲ. ಹಿಂದೆ ಅದನ್ನು ಕೊಳೆ ಎಂದುಕೊಂಡು ಎರಡೂ ಬದಿ ಕೆರೆದು ಹೊಳಪು ಕೊಟ್ಟ ಬಕಲ್‌ಗಳಿವೆ. ಅವನ್ನು ನೋಡಿದಾಗ ನಿಜವಾಗಿ ಸಂಕಟವಾಗುತ್ತದೆ.

ಇನ್ನೊಂದು ಶತ್ರು ಉಪ್ಪು. ಮಣ್ಣಿನ ಕ್ಲೋರೈಡ್ ಕಬ್ಬಿಣದೊಳಗೆ ಕೂತಿರುತ್ತದೆ. ಹೊರಗಿನ ಗಾಳಿ, ತೇವ ತಗುಲಿದರೆ ವಸ್ತು ಸಿಪ್ಪೆಸಿಪ್ಪೆಯಾಗಿ ಬಿರಿಯುತ್ತದೆ. ಕ್ಷಾರದ ದ್ರಾವಣದಲ್ಲಿ ವಾರಗಟ್ಟಲೆ ನೆನೆಸಿ ಉಪ್ಪನ್ನು ಎಳೆಯಬಹುದು. ಆದರೆ ಅದೇ ದ್ರಾವಣ ಬಟ್ಟೆಯ ಗುರುತನ್ನೂ ಸಡಿಲ ಮಾಡಬಹುದು, ಅಲ್ವಾ? ಅಂಥ ತುಣುಕುಗಳನ್ನು ನೆನೆಸುವುದಕ್ಕಿಂತ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಒಣಗಿಸಿಡುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಪ್ರದರ್ಶನದಲ್ಲಿ ಅದರ ಪಕ್ಕ ಎಕ್ಸ್-ರೇ ಚಿತ್ರ ಇಟ್ಟರೆ, ಒಳಗಿನ ಬೆಳ್ಳಿಯ ಕುಸುರಿಯನ್ನು ಜನ ಪೂರ್ತಿಯಾಗಿ ನೋಡಬಹುದು.