ಗರ್ಡರ್ ಬೋಲ್ಟು ಎಷ್ಟು ಬಿಗಿಯಬೇಕು?

ಪ್ರಶ್ನೆ: ಹುಬ್ಬಳ್ಳಿ ವಿದ್ಯಾನಗರದಾಗ ನಮ್ಮ ಹಳೇ ಮನಿ ಮ್ಯಾಲೆ ಇನ್ನೊಂದು ಅಂತಸ್ತು ಏರಿಸಾಕತ್ತೇವ್ರಿ. ಗರ್ಡರ್‌ಗಳನ್ನ ಕಬ್ಬಿಣದ ಕಂಬಕ್ಕ ಬೋಲ್ಟ್ ಹಾಕಿ ಜೋಡಸ್ತಾರ. ಫಿಟ್ಟರ್ ಪಾನಾಕ್ಕ ಉದ್ದನ ಪೈಪ್ ಸಿಗಿಸಿ, ಇಬ್ಬರು ಜೋತುಬಿದ್ದು ಬಿಗೀತಾರ. ಅಷ್ಟು ಬೇಕೇನ್ರಿ?

ಉತ್ತರ: ಬೇಡ. ಮೊದಲು ಆ ಪೈಪ್ ತೆಗೆಸಿ, ಆಮೇಲೆ ಬೋಲ್ಟಿನ ತಲೆ ನೋಡಿ. 4.6 ಎಂದಿದ್ದರೆ ಅದು ಮಾಮೂಲಿ ಬೋಲ್ಟು. ಏನೂ ಇಲ್ಲದಿದ್ದರೂ ಹಾಗೆಯೇ ಹಿಡಿಯಿರಿ. 8.8 ಎಂದಿದ್ದರೆ ಹೆಚ್ಚು ಬಲದ್ದು, ಅದಕ್ಕೆ 8ರ ದರ್ಜೆಯ ನಟ್ಟೇ ಬೇಕು.

ಲೆಕ್ಕ ಹೀಗಿದೆ. ಒಬ್ಬ ಆಳು 450 ಮಿ.ಮೀ. ಪಾನಾವನ್ನು 40 ಕೆಜಿ ಬಲದಿಂದ ಎಳೆದರೆ ನಟ್ಟಿನ ಮೇಲೆ ಸುಮಾರು 180 ನ್ಯೂಟನ್ ಮೀಟರ್ ತಿರುಚು ಬೀಳುತ್ತದೆ. 20 ಮಿ.ಮೀ.ನ 4.6 ಬೋಲ್ಟು ಸುಮಾರು 235ಕ್ಕೇ ಮತ್ತೆ ಮೊದಲಿನಂತಾಗದ ಹಾಗೆ ಹಿಗ್ಗಲು ಶುರುವಾಗುತ್ತದೆ, 8.8 ಆದರೆ 630ರ ಆಸುಪಾಸು. ಇಬ್ಬರು ಒಂದೂವರೆ ಮೀಟರ್ ಪೈಪಿಗೆ ಜೋತುಬಿದ್ದರೆ 1,200ರ ಹತ್ತಿರ ಹೋಗುತ್ತದೆ. ಥ್ರೆಡ್ಡಿಗೆ ಎಣ್ಣೆ ಸವರಿದ್ದರೆ ಇನ್ನೂ ಬೇಗ ಕೆಡುತ್ತದೆ, ಯಾಕೆಂದರೆ ಒಣ ಬೋಲ್ಟಿನಲ್ಲಿ ಹಾಕಿದ ಬಲದ ಬಹುಪಾಲು ತಿಕ್ಕಾಟಕ್ಕೇ ಹೋಗಿ, ಬೋಲ್ಟನ್ನು ಎಳೆಯಲು ಉಳಿಯುವುದು ಹತ್ತರಲ್ಲೊಂದು ಪಾಲು ಅಷ್ಟೆ. 16 ಮಿ.ಮೀ.ನ 4.6 ಬೋಲ್ಟಿಗಂತೂ 120ಕ್ಕೇ ಮಿತಿ. ಅದಕ್ಕೆ 300 ಮಿ.ಮೀ. ಪಾನಾ ಸಾಕು, ಅದನ್ನೂ ಹದವಾಗಿ ಎಳೆಯಬೇಕು.

ಮನೆಯ ಗರ್ಡರ್ ಜೋಡಣೆಗಳಲ್ಲಿ ಭಾರ ಸಾಮಾನ್ಯವಾಗಿ ಬೋಲ್ಟಿನ ಮೈಮೇಲೆ ಅಡ್ಡಕ್ಕೆ ಕೂರುತ್ತದೆ. ಅಲ್ಲಿ ತಗಡುಗಳು ಒಂದಕ್ಕೊಂದು ಅಂಟಿ ಕೂತರೆ ಕೆಲಸ ಮುಗಿಯಿತು. ಕೈಪಾನಾದಿಂದ ಒಬ್ಬನ ಬಲದಲ್ಲಿ ಬಿಗಿದರೆ ಬೇಕಾದಷ್ಟಾಯಿತು.

ತಗಡು ಕೂರದಿದ್ದಾಗಲೇ ಪೈಪಿನ ನೆನಪಾಗುವುದು. ಗರ್ಡರ್ 4 ಮಿ.ಮೀ. ಗಿಡ್ಡವಾಗಿದೆ, ಸಂದು ಕಾಣುತ್ತಿದೆ, ಎಳೆದು ಮುಚ್ಚೋಣ ಎನ್ನುತ್ತಾರೆ. ಹಾಗೆ ಮಾಡಿದರೆ ಬೋಲ್ಟಿನ ಬಲವೆಲ್ಲ ತಗಡನ್ನು ಬಗ್ಗಿಸುವುದಕ್ಕೇ ಖರ್ಚಾಗುತ್ತದೆ. ಸಂದಿನ ದಪ್ಪಕ್ಕೆ ಸರಿಯಾದ ಪ್ಯಾಕಿಂಗ್ ತಗಡು ತೂತು ಕೊರೆದು ಸೇರಿಸಿ. ಮುಟ್ಟುವ ಮೈಗಳಲ್ಲಿ ವೆಲ್ಡಿಂಗ್ ಗುಳ್ಳೆ, ದಪ್ಪ ಪೇಂಟ್ ಇದ್ದರೆ ಕೆರೆಸಿ. ಪೇಂಟ್ ನುಜ್ಜಾದಂತೆ ಬಿಗಿ ಸಡಿಲುತ್ತದೆ.

20 ಮಿ.ಮೀ. ಬೋಲ್ಟಿಗೆ ತೂತು 22 ಇರಲಿ. ಗ್ಯಾಸಿನಿಂದ ತೂತು ಹಿಗ್ಗಿಸಲು ಬಿಡಬೇಡಿ. ಎಲ್ಲ ಬೋಲ್ಟು ಕೈಯಲ್ಲೇ ತಿರುವಿ, ಗರ್ಡರ್ ಮಟ್ಟ ನೋಡಿ, ನಡುವಿನಿಂದ ಅಂಚಿಗೆ ಬಿಗಿಯುತ್ತ ಹೋಗಿ. ಕೊನೆಯದು ಬಿಗಿಯುವಷ್ಟರಲ್ಲಿ ಮೊದಲಿನದು ಸಡಿಲಾಗಿರುತ್ತದೆ, ಹಾಗಾಗಿ ಇನ್ನೊಂದು ಸುತ್ತು ಬೇಕೇ ಬೇಕು. ನಟ್ಟಿನಾಚೆ ಕನಿಷ್ಠ ಒಂದು ಪೂರ್ತಿ ಥ್ರೆಡ್ ಕಾಣಬೇಕು. ಐಎಸ್‌ಎಂಬಿ ಗರ್ಡರಿನ, ಅಂದರೆ ಮಾಮೂಲಿ I ಆಕಾರದ ಗರ್ಡರಿನ, ರೆಕ್ಕೆಯ (ಮೇಲಿನ, ಕೆಳಗಿನ ಅಡ್ಡ ಪಟ್ಟಿಯ) ಒಳಮೈ ಓರೆಯಾಗಿರುತ್ತದೆ. ಅಲ್ಲಿ ಟೇಪರ್ ವಾಷರ್ (ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇರುವ ವಾಷರ್) ಹಾಕದಿದ್ದರೆ ತಲೆ ಒಂದೇ ಅಂಚಿನ ಮೇಲೆ ಕೂತು ಬೋಲ್ಟು ಬಾಗುತ್ತದೆ. ಈ ವಾಷರ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಮೊದಲೇ ತರಿಸಿಡಿ.

ನಕ್ಷೆಯಲ್ಲಿ ಎಂಜಿನಿಯರ್ ಫ್ರಿಕ್ಷನ್ ಗ್ರಿಪ್ (ತಗಡುಗಳ ನಡುವಿನ ತಿಕ್ಕಾಟವೇ ಭಾರ ಹಿಡಿಯುವ ಜೋಡಣೆ) ಎಂದು ಬರೆದಿದ್ದರೆ ಮಾತ್ರ ಲೆಕ್ಕ ಬೇರೆ. ಅಂಥ ಜೋಡಣೆಯ ನಿಯಮ ಐಎಸ್ 4000 ಎಂಬ ಭಾರತೀಯ ಮಾನಕದಲ್ಲಿದೆ. ಬೋಲ್ಟು ಕನಿಷ್ಠ 8.8, ವಾಷರ್ ಗಟ್ಟಿ ಮಾಡಿದ್ದು, ಮುಟ್ಟುವ ಮೈಯಲ್ಲಿ ಎಣ್ಣೆಯಾಗಲಿ ಪೇಂಟಾಗಲಿ ಇರಬಾರದು. ಮೊದಲು ಕೈಬಿಗಿ ಮಾಡಿ, ನಟ್ಟು, ಬೋಲ್ಟಿನ ತುದಿ, ತಗಡು ಮೂರಕ್ಕೂ ಸೇರಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಅಮೆರಿಕದ ರೂಢಿಯಲ್ಲಿ, ಬೋಲ್ಟಿನ ಉದ್ದ ಅದರ ದಪ್ಪದ ನಾಲ್ಕು ಪಟ್ಟು ಮೀರದಿದ್ದರೆ ಅಲ್ಲಿಂದ ಮೂರರಲ್ಲೊಂದು ಸುತ್ತು, ಅಂದರೆ ಆರು ಮುಖದ ನಟ್ಟಿನ ಎರಡು ಮುಖದಷ್ಟು ತಿರುವಬೇಕು. ತಿರುಗಿದ್ದೆಷ್ಟು ಎಂಬುದು ಗೆರೆಯಲ್ಲೇ ಕಾಣುತ್ತದೆ. ತಿರುಚು ಅಳೆಯುವ ಟಾರ್ಕ್ ಪಾನಾದ ಮುಳ್ಳಿಗಿಂತ ಆ ಗೆರೆಯೇ ನಂಬಿಕಸ್ತ.

ಬಿಗಿದ ಮೇಲೆ ನಟ್ಟು ಕಳಚದಿರಲಿ ಎಂದು ವೆಲ್ಡಿಂಗ್ ಚುಕ್ಕೆ ಇಡುವ ಚಾಳಿ ನಮ್ಮ ಕಡೆ ಇದೆ. 8.8 ಬೋಲ್ಟಿಗೆ ಅದನ್ನು ಮಾಡಲೇಬಾರದು. ಶಾಖಕ್ಕೆ ಅದರ ಹದ ಕೆಟ್ಟು ಬಿರುಕು ಬಿಡಬಹುದು.

ಈಗಾಗಲೇ ಪೈಪ್ ಹಾಕಿ ಬಿಗಿದವನ್ನು, ಗರ್ಡರಿಗೆ ಆನಿಕೆ ಕೊಟ್ಟು, ಒಂದೊಂದಾಗಿ ಬಿಚ್ಚಿಸಿ. ನಟ್ಟನ್ನು ಬೆರಳಿನಿಂದ ತಿರುವಿದಾಗ ಥ್ರೆಡ್ ಪೂರ್ತಿ ಸಲೀಸಾಗಿ ಓಡದೆ ನಡುವೆ ಹಿಡಿದರೆ ಬೋಲ್ಟು ಹಿಗ್ಗಿದೆ ಎಂದರ್ಥ. ಅದನ್ನು ಗುಜರಿಗೆ ಹಾಕಿ ಹೊಸದು ತನ್ನಿ.