ಮುನ್ನೂರು ಉತ್ತರ, ಒಂದು ಕೋಟಿ ಜನ

2016ರಲ್ಲಿ ಬೆಂಗಳೂರಿನ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉದ್ದದ ಸ್ಟೀಲ್ ಫ್ಲೈಓವರ್ ಕಟ್ಟಲು ಸರ್ಕಾರ ಹೊರಟಿತ್ತು. ಖರ್ಚು ಸುಮಾರು 1,800 ಕೋಟಿ ರೂಪಾಯಿ. ಕಡಿಯಬೇಕಿದ್ದ ಮರಗಳು 800ಕ್ಕೂ ಹೆಚ್ಚು. ಜನರನ್ನು ಕೇಳಿದ್ದೀರಾ ಅಂದಾಗ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಡೆಯಿಂದ ಉತ್ತರ ಬಂತು: ಕೇಳಿದ್ದೇವೆ, ಸುಮಾರು 300 ಪ್ರತಿಕ್ರಿಯೆ ಬಂದಿವೆ, ಹತ್ತಿರಹತ್ತಿರ ಮುಕ್ಕಾಲು ಪಾಲು ಜನ ಒಪ್ಪಿದ್ದಾರೆ. ಅಕ್ಟೋಬರ್ 16ರಂದು ಸಾವಿರಾರು ಜನ ಅದೇ ದಾರಿಯಲ್ಲಿ ಕೈಕೈ ಹಿಡಿದು ಸಾಲಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು.

ಒಂದು ಕೋಟಿ ಜನರ ಊರಲ್ಲಿ 300 ಯಾವ ಲೆಕ್ಕ, ಅಲ್ವಾ? ಸಂಖ್ಯಾಶಾಸ್ತ್ರ ಗೊತ್ತಿದ್ದವರು ಇಲ್ಲಿ ಸ್ವಲ್ಪ ತಡೆಯುತ್ತಾರೆ. ಊರಿನ ಎಲ್ಲರ ಹೆಸರೂ ಇರುವ ಪಟ್ಟಿಯಿಂದ ಕಣ್ಣುಮುಚ್ಚಿ ಚೀಟಿ ಎತ್ತಿ 300 ಜನರನ್ನು ಆರಿಸಿ. ಅಷ್ಟೂ ಜನ ಉತ್ತರ ಕೊಡಲಿ. ಆಗ ಸಿಗುವ ಶೇಕಡಾ ಅಂಕಿ, ಇಡೀ ಊರನ್ನೇ ಕೇಳಿದ್ದರೆ ಸಿಗುತ್ತಿದ್ದ ಅಂಕಿಗಿಂತ ಐದಾರು ಅಂಶ ಆಚೀಚೆ ಇರುತ್ತದೆ, ಅಷ್ಟೇ. 20 ಸಲ ಹೀಗೆ ಮಾಡಿದರೆ 19 ಸಲ ಈ ಮಾತು ನಿಜವಾಗುತ್ತದೆ. ಊರಲ್ಲಿ ಹತ್ತು ಲಕ್ಷ ಜನರಿದ್ದರೂ ಅಷ್ಟೇ, ಒಂದು ಕೋಟಿ ಇದ್ದರೂ ಅಷ್ಟೇ. ಪಾತ್ರೆ ದೊಡ್ಡದಾಯಿತು ಎಂದು ಅನ್ನ ಬೆಂದಿದೆಯಾ ನೋಡಲು ಯಾರೂ ಹಿಡಿಗಟ್ಟಲೆ ಅಗುಳು ಹಿಸುಕುವುದಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಆ 300 ಜನರನ್ನು ಯಾರೂ ಆರಿಸಿರಲಿಲ್ಲ. ಅವರು ತಾವಾಗಿಯೇ ಬಂದವರು. ಇಂಥ ಪ್ರಕಟಣೆಗಳಿಗೆ ಉತ್ತರ ಬರೆಯುವವರು ಯಾರು? ಪ್ರಕಟಣೆ ಕಣ್ಣಿಗೆ ಬಿದ್ದವರು, ಬರೆಯಲು ಬಿಡುವಿದ್ದವರು, ಸರ್ಕಾರದ ಭಾಷೆ ಅರ್ಥವಾಗುವವರು, ಯೋಜನೆಯಿಂದ ನೇರವಾಗಿ ಲಾಭವೋ ನಷ್ಟವೋ ಇರುವವರು. ಹೀಗೆ ಬಂದ ಉತ್ತರಗಳು ಒಂದು ಕಡೆಗೆ ವಾಲಿರುತ್ತವೆ. 3 ಲಕ್ಷ ಉತ್ತರ ಬಂದರೂ ಆ ಓರೆ ಹಾಗೇ ಉಳಿಯುತ್ತದೆ. ಅಪಾಯ ಇನ್ನೂ ಜಾಸ್ತಿ, ಯಾಕೆಂದರೆ ದೊಡ್ಡ ಸಂಖ್ಯೆ ಕಂಡರೆ ಅಧಿಕಾರಿಗಳಿಗೂ ಪತ್ರಿಕೆಗಳಿಗೂ ಸುಮ್ನೆ ನಂಬಿಕೆ ಬಂದುಬಿಡುತ್ತದೆ. ನಗರ ಯೋಜನೆಗೆ ಆ್ಯಪ್ ಮಾಡುವವರು ಎಷ್ಟು ಡೌನ್‌ಲೋಡ್ ಆಯಿತು ಎಂದು ಹೇಳಿಕೊಳ್ಳುತ್ತಾರೆ. ನಾನು ಕೇಳುವುದು ಯಾರು ಡೌನ್‌ಲೋಡ್ ಮಾಡಲಿಲ್ಲ ಎಂದು.

ಅಮೆರಿಕದ ಬಾಸ್ಟನ್ ನಗರಕ್ಕೆ ಇದೇ ಪ್ರಶ್ನೆ ರಸ್ತೆ ಗುಂಡಿಗಳ ವಿಷಯದಲ್ಲಿ ಎದುರಾಯಿತು. 2012ರ ಸುಮಾರಿಗೆ ಅಲ್ಲಿನ ಆಡಳಿತ ಸ್ಟ್ರೀಟ್ ಬಂಪ್ ಎಂಬ ಆ್ಯಪ್ ತಂದಿತು. ಫೋನನ್ನು ಅಡ್ಡ ಹಿಡಿದರೆ ಪರದೆಯೂ ತಿರುಗುತ್ತದಲ್ಲ, ಅದಕ್ಕೆ ಕಾರಣವಾದ ಅಕ್ಸೆಲರೋಮೀಟರ್ ಎಂಬ ಪುಟ್ಟ ಸಾಧನವೇ ಇಲ್ಲೂ ಕೆಲಸ ಮಾಡುತ್ತದೆ. ಕಾರು ಗುಂಡಿಗೆ ಇಳಿದು ಎದ್ದಾಗ ಫೋನ್ ಮೇಲೆ ಕೆಳಗೆ ಕುಲುಕುತ್ತದೆ. ಸಾಧನ ಆ ಕುಲುಕಾಟವನ್ನು ಅಳೆಯುತ್ತದೆ, ಜಿಪಿಎಸ್ ಜಾಗ ಹೇಳುತ್ತದೆ. ಯಾರೂ ದೂರು ಬರೆಯಬೇಕಿಲ್ಲ, ಫೋನ್ ಕಾರಿನಲ್ಲಿದ್ದರೆ ಸಾಕು. (ನಮ್ಮೂರಿನ ಹಂಪ್‌ಗಳ ಮೇಲೆ ಈ ಆ್ಯಪ್‌ಗೆ ಉಸಿರಾಡಲೂ ಪುರುಸೊತ್ತು ಸಿಗುತ್ತಿರಲಿಲ್ಲ.) ಮೊದಲ ಎಡವಟ್ಟು ತಾಂತ್ರಿಕವಾದದ್ದು: ಬಹಳಷ್ಟು ಕುಲುಕಾಟಗಳು ಗುಂಡಿಯವಾಗಿರದೆ ರಸ್ತೆ ಮಧ್ಯದ ಮ್ಯಾನ್‌ಹೋಲ್ ಮುಚ್ಚಳಗಳದ್ದಾಗಿದ್ದವು. ಅದನ್ನು ಗಣಿತದಿಂದ ಸೋಸಬಹುದು. ಎರಡನೆಯದನ್ನು ಸೋಸಲು ಬರುವುದಿಲ್ಲ. ಆಗ ಕಾರು ಮತ್ತು ಸ್ಮಾರ್ಟ್‌ಫೋನ್ ಎರಡೂ ಇದ್ದವರು ಅನುಕೂಲಸ್ಥರ ಬಡಾವಣೆಗಳಲ್ಲೇ ಜಾಸ್ತಿ. ಮಾಹಿತಿಯನ್ನು ಹಾಗೇ ನಂಬಿದ್ದರೆ ಬಡವರ, ವಯಸ್ಸಾದವರ ಬೀದಿಗಳಲ್ಲಿ ಗುಂಡಿಯೇ ಇಲ್ಲ ಎಂದಾಗುತ್ತಿತ್ತು. ಬಾಸ್ಟನ್‌ನವರು ಇದನ್ನು ಮೊದಲೇ ಯೋಚಿಸಿದ್ದರು. ಎಲ್ಲ ಬೀದಿಗೂ ಹೋಗಲೇಬೇಕಾದ ನಗರಾಡಳಿತದ ರಸ್ತೆ ಪರಿಶೀಲಕರಿಗೇ ಆ್ಯಪ್ ಕೊಟ್ಟರು. ನನಗೆ ಇಷ್ಟವಾಗುವುದು ಈ ಪರಿಹಾರ. ಇದರಲ್ಲಿ ಹೊಸ ತಂತ್ರಜ್ಞಾನ ಏನೂ ಇಲ್ಲ, ಯಾರ ಗಾಡಿ ಎಲ್ಲೆಲ್ಲಿ ಓಡಾಡುತ್ತದೆ ಎಂಬ ತಿಳಿವಳಿಕೆ ಮಾತ್ರ ಇದೆ.

ಗುಂಡಿ ಮುಚ್ಚುವುದು ಸುಲಭದ ಪ್ರಶ್ನೆ. ಮುಂದಿನ 25 ವರ್ಷ ಊರು ಯಾವ ಕಡೆ ಬೆಳೆಯಬೇಕು ಎಂದು ಕೇಳುವುದು ಹಾಗಲ್ಲ. ಫಿನ್‌ಲ್ಯಾಂಡ್‌ನ ಹೆಲ್ಸಿಂಕಿ 2050ರ ಮಾಸ್ಟರ್ ಪ್ಲಾನ್ ತಯಾರಿಸುವಾಗ, 2013ರಲ್ಲಿ, ಜನರ ಮುಂದೆ ಆನ್‌ಲೈನ್ ನಕ್ಷೆಯನ್ನೇ ಇಟ್ಟಿತು. ಹೊಸ ಮನೆಗಳು ಎಲ್ಲಿ ಬರಲಿ? ಯಾವ ಜಾಗವನ್ನು ಮುಟ್ಟಲೇಬಾರದು? ಬೆರಳಿಟ್ಟು ತೋರಿಸಿ ಅಂದರು. 30 ಸಾವಿರಕ್ಕೂ ಹೆಚ್ಚು ಗುರುತುಗಳು ಬಂದವು. ಇಂಥ ನಕ್ಷೆಯ ಲಾಭ ಏನೆಂದರೆ, ನಮಗೆ ಹಸಿರು ಬೇಕು ಎಂಬ ಸಾಮಾನ್ಯ ಮಾತು ಬಿಟ್ಟು ಈ ಮೂಲೆಯ ಈ ಮರದ ಸಾಲು ಬೇಕು ಎಂದು ಹೇಳಬಹುದು. ಗುರುತುಗಳು ಎಲ್ಲಿ ಗುಂಪಾಗಿವೆ ಎಂಬುದನ್ನು ಯೋಜಕರು ಜನಸಂಖ್ಯೆ, ಬಸ್ ಮಾರ್ಗಗಳ ನಕ್ಷೆಯ ಮೇಲೆ ಇಟ್ಟು ನೋಡಬಹುದು. ಒಂದೇ ಕಾಡನ್ನು ಕೆಲವರು ಉಳಿಸಿ, ಕೆಲವರು ಕಟ್ಟಿ ಅಂದರೆ ಜಗಳ ಎಲ್ಲಿ ಆಗುತ್ತದೆ ಎಂಬುದೂ ಮೊದಲೇ ತಿಳಿಯುತ್ತದೆ.

ಜಗಳವನ್ನೇ ಲೆಕ್ಕ ಹಾಕುವ ಆನ್‌ಲೈನ್ ಸಾಧನವೂ ಇದೆ. ಹೆಸರು ಪೋಲಿಸ್, ಖಾಕಿಯ ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಯಾರು ಬೇಕಾದರೂ ಒಂದು ಸಣ್ಣ ಹೇಳಿಕೆ ಬರೆಯಬಹುದು. ಉಳಿದವರು ಒಪ್ಪುತ್ತೇನೆ, ಒಪ್ಪಲ್ಲ, ಗೊತ್ತಿಲ್ಲ ಎಂದು ಒತ್ತಬಹುದು. ಉತ್ತರ ಬರೆಯುವ ಬಟನ್ ಇಲ್ಲ, ಬೇಕೆಂದೇ ತೆಗೆದಿದ್ದಾರೆ. ಬೈಗುಳಕ್ಕೆ ಜಾಗವೇ ಇರುವುದಿಲ್ಲ. ಹಿಂದೆ ನಡೆಯುವ ಗಣಿತ ಹೀಗಿದೆ: ಪ್ರತಿ ವ್ಯಕ್ತಿಗೆ ಒಂದು ಸಾಲು, ಪ್ರತಿ ಹೇಳಿಕೆಗೆ ಒಂದು ಕಂಬ. ಒಪ್ಪಿದರೆ 1, ಒಪ್ಪದಿದ್ದರೆ ಮೈನಸ್ 1. ನೂರಾರು ಕಂಬಗಳ ಈ ಕೋಷ್ಟಕವನ್ನು ಕಂಪ್ಯೂಟರ್ ಎರಡು ದಿಕ್ಕುಗಳ ಚಿತ್ರಕ್ಕೆ ಇಳಿಸುತ್ತದೆ. ಒಂದೇ ಥರ ಮತ ಹಾಕಿದವರು ಹತ್ತಿರ ಹತ್ತಿರ, ಬೇರೆ ಥರ ಹಾಕಿದವರು ದೂರ ದೂರ. ಆಮೇಲೆ ಗುಂಪುಗಳನ್ನು ಹುಡುಕಿ, ಎಲ್ಲ ಗುಂಪುಗಳೂ ಒಪ್ಪಿದ ಹೇಳಿಕೆಗಳನ್ನು ಎತ್ತಿ ಮೇಲಿಡುತ್ತದೆ. ಕೂಗು ಜೋರಾಗಿರುವ ಹೇಳಿಕೆಗಿಂತ, ಎದುರಾಳಿಗಳೂ ತಲೆಯಾಡಿಸಿದ ಹೇಳಿಕೆಗೆ ಬೆಲೆ ಸಿಗುತ್ತದೆ.

2025ರ ಆರಂಭದಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಪಟ್ಟಣ, ಅದು ಸೇರಿರುವ ಕೌಂಟಿಯ 25 ವರ್ಷಗಳ ಯೋಜನೆಗಾಗಿ ಇದನ್ನು ಬಳಸಿತು. ಸುಮಾರು 8 ಸಾವಿರ ಜನ ಪಾಲ್ಗೊಂಡರು, 10 ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ರಾಜಕೀಯವಾಗಿ ಇಬ್ಭಾಗವಾಗಿರುವ ದೇಶದಲ್ಲೂ ನೂರಾರು ಸಲಹೆಗಳಿಗೆ ಬಹುಪಾಲು ಎಲ್ಲರೂ ಹೂಂ ಅಂದರು. ಒಳ್ಳೆಯ ಸುದ್ದಿಯೇ. ಆದರೂ ಅವರೂ ತಾವಾಗಿ ಬಂದವರೇ ಎಂಬುದನ್ನು ಮರೆಯಬಾರದು.

ಸ್ಪೇನ್‌ನ ಮ್ಯಾಡ್ರಿಡ್ ಈ ದಾರಿಯಲ್ಲಿ ಹೆಚ್ಚು ದೂರ ಹೋಯಿತು, ಹೆಚ್ಚು ಎಡವಿತು. 2015ರಲ್ಲಿ ಅಲ್ಲಿ ಶುರುವಾದ ಡಿಸೈಡ್ ಮ್ಯಾಡ್ರಿಡ್ ಎಂಬ ಆನ್‌ಲೈನ್ ವೇದಿಕೆಯಲ್ಲಿ ಯಾವ ನಿವಾಸಿ ಬೇಕಾದರೂ ಸಲಹೆ ಹಾಕಬಹುದಿತ್ತು. 16 ವರ್ಷ ದಾಟಿದ ನಿವಾಸಿಗಳಲ್ಲಿ ನೂರಕ್ಕೆ ಒಬ್ಬರು, ಅಂದರೆ ಸುಮಾರು 27 ಸಾವಿರ ಜನ ಬೆಂಬಲಿಸಿದರೆ ಅದು ಮತಕ್ಕೆ ಹೋಗುತ್ತಿತ್ತು. ಸಾವಿರಾರು ಸಲಹೆಗಳು ಬಂದವು. 2017ರ ಫೆಬ್ರವರಿಯಲ್ಲಿ ಮತಕ್ಕೆ ಹೋದದ್ದು ಎರಡೇ ಎರಡು. ಮೇಲೆ ಕಂಡ ಸಲಹೆಗೆ ಬೆಂಬಲ ಸಿಗುತ್ತದೆ, ಬೆಂಬಲ ಸಿಕ್ಕಿದ್ದು ಮೇಲೆ ಕಾಣುತ್ತದೆ. ಕೆಳಗೆ ಬಿದ್ದದ್ದನ್ನು ಯಾರೂ ಓದುವುದಿಲ್ಲ. ಎಂಥ ಚೆಂದದ ವಿಚಾರವೂ ಪಟ್ಟಿಯ ನಲವತ್ತನೇ ಪುಟದಲ್ಲಿ ಸತ್ತುಹೋಗುತ್ತದೆ. ಇದನ್ನು ಸರಿಮಾಡಲು 2019ರಲ್ಲಿ ನಗರಾಡಳಿತ ಹಳೆಯ ಉಪಾಯಕ್ಕೆ ಕೈಹಾಕಿತು: ಲಾಟರಿ. ವಯಸ್ಸು, ಲಿಂಗ, ವಾಸದ ಜಾಗ ಎಲ್ಲ ಊರಿನ ಹದದಲ್ಲೇ ಇರುವಂತೆ ನೋಡಿಕೊಂಡು 49 ಸಾಮಾನ್ಯ ಜನರನ್ನು ಆರಿಸಿ, ಸಲಹೆಗಳನ್ನು ಓದಲು ಕೂರಿಸಿತು. ಚುನಾವಣೆ ಬಂದು ಆಡಳಿತ ಬದಲಾಯಿತು, ಪ್ರಯೋಗ ಹೆಚ್ಚು ಕಾಲ ಬಾಳಲಿಲ್ಲ.

ಚೀಟಿ ಎತ್ತಲು ಮೊದಲು ಪಟ್ಟಿ ಬೇಕು, ನಕ್ಷೆ ಬೇಕು. ಕೀನ್ಯಾದ ನೈರೋಬಿಯಲ್ಲಿ ಕಿಬೇರಾ ಎಂಬ ದೊಡ್ಡ ಕೊಳೆಗೇರಿ ಇದೆ. 2009ರವರೆಗೂ ನಕ್ಷೆಗಳಲ್ಲಿ ಅದು ಬರೀ ಖಾಲಿ ಜಾಗವಾಗಿತ್ತು. ಆ ವರ್ಷ ಅಲ್ಲಿನ 13 ಯುವಕ ಯುವತಿಯರು ಜಿಪಿಎಸ್ ಹಿಡಿದು ಓಣಿ ಓಣಿ ನಡೆದು, ನೀರಿನ ನಲ್ಲಿ, ಶೌಚಾಲಯ, ಶಾಲೆ, ಕ್ಲಿನಿಕ್ ಎಲ್ಲವನ್ನೂ ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆಗೆ ಸೇರಿಸಿದರು. ಕೆಲವು ವರ್ಷಗಳ ನಂತರ ಅದೇ ಕಿಬೇರಾದ ಸಿಲಂಗಾ ಮೈದಾನವನ್ನು ಹೇಗೆ ಸರಿಮಾಡಬೇಕೆಂದು ಯುವಜನರು ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲೇ ಕಟ್ಟಿ ತೋರಿಸಿದರು. ನೀಲನಕ್ಷೆ ಓದಲು ಬಾರದವರಿಗೂ ಇಟ್ಟಿಗೆ ಮೇಲೆ ಇಟ್ಟಿಗೆ ಇಡಲು ಬರುತ್ತದೆ.

ನೀಲನಕ್ಷೆ ಓದುವುದು ಇಲ್ಲೂ ದೊಡ್ಡ ತಡೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಅದರ ಪ್ರಕಾರ ಕರಡು ಪ್ರಕಟವಾದ ಮೇಲೆ ಆಕ್ಷೇಪಣೆ, ಸಲಹೆಗೆ ಜನರಿಗೆ 60 ದಿನ ಸಿಗುತ್ತದೆ. ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಕರಡು 2017ರ ನವೆಂಬರ್‌ನಲ್ಲಿ ಬಂತು. ನಕ್ಷೆಯಲ್ಲಿ ಹಳದಿ ಅಂದರೆ ವಸತಿ, ನೀಲಿ ಅಂದರೆ ವಾಣಿಜ್ಯ, ಹಸಿರು ಅಂದರೆ ಪಾರ್ಕು. ನಿಮ್ಮ ಬೀದಿ ಹಳದಿಯಿಂದ ನೀಲಿಗೆ ತಿರುಗಿದರೆ ನಾಳೆ ಪಕ್ಕದ ಮನೆ ಇರುವಲ್ಲಿ ಶೋರೂಮ್ ಏಳಬಹುದು. ಇದನ್ನು ಬಣ್ಣ ನೋಡಿ ಅರ್ಥ ಮಾಡಿಕೊಂಡು 60 ದಿನದಲ್ಲಿ ಬರೆದು ಕೊಡಬೇಕು. ಸಾವಿರಾರು ಜನ ಬರೆದರು. ಕರಡು 2020ರಲ್ಲಿ ವಾಪಸಾಯಿತು. ಹೆಲ್ಸಿಂಕಿ ಗೆರೆ ಎಳೆಯುವ ಮೊದಲು ಕೇಳಿತು, ನಾವು ಎಳೆದ ಮೇಲೆ ಕೇಳುತ್ತೇವೆ. ಎಳೆದ ಗೆರೆಯ ಮೇಲೆ ಬರುವುದು ಆಕ್ಷೇಪಣೆಯೇ. ಜನ ಬರೀ ವಿರೋಧಿಸುತ್ತಾರೆ ಎಂದು ಗೊಣಗುವ ಅಧಿಕಾರಿಗಳು ಯಾವ ಹಂತದಲ್ಲಿ ಕೇಳಿದೆವು ಎಂದು ಒಮ್ಮೆ ನೋಡಿಕೊಳ್ಳಲಿ. ವಾರ್ಡ್ ಸಮಿತಿಯಲ್ಲಿ ಕೇಳಬಹುದಿತ್ತು, 1992ರ 74ನೇ ತಿದ್ದುಪಡಿ ಅದಕ್ಕೆ ಜಾಗ ಕೊಟ್ಟಿದೆ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ.

ಮುಂದಿನ ಪ್ಲಾನ್‌ಗೆ ಆ್ಯಪ್ ಬರುತ್ತದೆ, ಅನುಮಾನವಿಲ್ಲ. ಅದರ ಜೊತೆ ಚೀಟಿಯೂ ಬರಲಿ. ಪ್ರತಿ ವಾರ್ಡಿನ ಮತದಾರರ ಪಟ್ಟಿ ಹೇಗೂ ಇದೆ. ಅದರಿಂದ ಲಾಟರಿಯಲ್ಲಿ ಹೆಸರು ಎತ್ತಿ, ಕಳೆದುಹೋಗುವ ದಿನದ ಕೂಲಿ ಕೊಟ್ಟು ಕರೆಯಬಹುದು. 2019ರಲ್ಲಿ ಫ್ರಾನ್ಸ್ ಹವಾಮಾನದ ಬಗ್ಗೆ ಚರ್ಚಿಸಲು 150 ಜನರನ್ನು ಲಾಟರಿಯಲ್ಲಿ ಆರಿಸಿದಾಗ ಭತ್ಯೆ ಕೊಟ್ಟಿತ್ತು. ಆದರೆ ಮತದಾರರ ಪಟ್ಟಿಗೂ ಅದರದೇ ಓರೆ ಇದೆ. ಬೆಂಗಳೂರಿನ ಕಟ್ಟಡಗಳನ್ನು ಕಟ್ಟುವ ರಾಯಚೂರು, ಯಾದಗಿರಿ, ಕಲಬುರಗಿಯ ಎಷ್ಟೋ ಜನರ ವೋಟು ಊರಲ್ಲೇ ಇರುತ್ತದೆ, ಮನೆ ಮಾತ್ರ ಇಲ್ಲಿಯ ಶೆಡ್‌ನಲ್ಲಿ. ಅವರ ಹೆಸರೂ ಚೀಟಿಯಲ್ಲಿ ಇರಬೇಕಾದರೆ ಕನ್ನಡ, ತೆಲುಗು, ಉರ್ದು ಬರುವ ಯಾರಾದರೂ ಪೆನ್ನು ಕಾಗದ ಹಿಡಿದು ಶೆಡ್ ಶೆಡ್‌ಗೆ ಹೋಗಿ ಬರೆದುಕೊಳ್ಳಬೇಕು. ಅದೂ ಕತ್ತಲಾದ ಮೇಲೆ, ಕೆಲಸ ಬಿಟ್ಟು ಬಂದಿರುವ ಹೊತ್ತಿಗೆ.